ರಾಕ್ಷಸನ ಕೋಟು

ಲಾರಿಯ ಟ್ಯೂಬಿಗೆ ಬಣ್ಣ ನಿಲ್ಲುವುದಿಲ್ಲ. ಇದೊಂದು ಮಾತು ತಿಳಿದುಕೊಳ್ಳಲು ನನಗೆ ಹದಿನೈದು ದಿನ ಹಿಡಿಯಿತು. ಮೂವತ್ತು ವರ್ಷದಿಂದ ಹುಮನಾಬಾದಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಜಂಪರು, ಸೀರೆಗೆ ಫಾಲು, ಶಾಲೆ ಮಕ್ಕಳ ಯೂನಿಫಾರ್ಮು, ಹರಿದ ಚೀಲಕ್ಕೆ ಝಿಪ್ಪು, ಇವಿಷ್ಟು ನನ್ನ ವಿದ್ಯೆ. ಬಟ್ಟೆಯ ಮೇಲೆ ರಬ್ಬರು ಕೂರಿಸುವುದನ್ನು, ಗುಳಿಗೆಯ ಖಾಲಿ ಪಟ್ಟಿಗೆ ಬಣ್ಣ ಹಚ್ಚುವುದನ್ನು, ಸೀತಾಫಲದ ಬೀಜಕ್ಕೆ ತೂತು ಮಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಲಿಯುವ ಆಸೆಯೂ ನನಗಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಎರಡೆರಡು ಸಲ ಕನ್ನಡಕ ಒರೆಸಿಕೊಳ್ಳುವ ವಯಸ್ಸಿನಲ್ಲಿ ಹೊಸ ವಿದ್ಯೆ ಯಾರಿಗೆ ಬೇಕು?

ಬೇಕಾದದ್ದು ಅಣ್ಣನಿಗೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಬಸವಕಲ್ಯಾಣ ತಾಲೂಕಿನಲ್ಲಿ, ಗೋರ್ಟಾ ದಾಟಿ ಒಳಗೆ ಹೋದರೆ ಸಿಗುವ ನಮ್ಮೂರಿನಲ್ಲಿ ಸ್ವಂತದ್ದು ಎರಡೆಕರೆ ಮಾಡಿಕೊಂಡು, ಉಳಿದ ದಿನ ಮಂದಿಯ ಹೊಲಕ್ಕೆ ದುಡಿಯಲು ಹೋಗುತ್ತಿದ್ದ. ಪ್ರತಿ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅವನೇ ಬರುತ್ತಾನೆ. ಫೋನ್ ಮಾಡಿದರೆ ಸಾಕು, ನಾನೇ ಬಸ್ಸು ಹತ್ತಿ ಬರುತ್ತೇನೆ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಹೋದ ಚಳಿಗಾಲದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಕಾಲು ತಿರುಗಿ ಬಂತು, ಸ್ವಲ್ಪ ಎಳೆಯುತ್ತಾನೆ ಅಷ್ಟೇ. ಮಾತು ಬಂತು. ಬಲಗೈ ಮಾತ್ರ ಬರಲಿಲ್ಲ. ಈ ಸಲದ ಪಂಚಮಿಗೆ ಆ ಕೈಯ ಮೇಲೆ ಟವೆಲ್ಲು ಹೊದಿಸಿಕೊಂಡು ಬಂದ. ಮನೆಯೊಳಗೆ ಕೂತ ಮೇಲೂ ಟವೆಲ್ಲು ತೆಗೆಯಲಿಲ್ಲ. ಎಡಗೈಯಿಂದ ಚಹಾ ಕುಡಿದು ಕಪ್ಪು ಕೆಳಗಿಟ್ಟ.

"ತಂಗೀ, ನನಗೊಂದು ಕೋಟ್ ಹೊಲ್ದು ಕೊಡ್ತೇನು?"

"ಎಂಥಾ ಕೋಟಣ್ಣ?"

"ಆಟದ್ದು."

ಅಷ್ಟು ಹೇಳಿದ್ದಕ್ಕೇ ನನಗೆ ದಣಿವಾಯಿತು. ನಮ್ಮೂರಲ್ಲಿ ಎಳ್ಳಮವಾಸ್ಯೆ ಕಳೆದ ವಾರಕ್ಕೆ ಬಯಲಾಟ ನಡೆಯುತ್ತದೆ. ವೇಷಗಳು ಮನೆತನಕ್ಕೆ ಕಟ್ಟಿಬಿದ್ದವು. ರಾಜನ ವೇಷ ಒಂದು ಮನೆಯದು, ಮಂತ್ರಿಯದು ಇನ್ನೊಂದರದು, ರಾಕ್ಷಸನ ವೇಷ ನಮ್ಮದು. ಅಜ್ಜ ಹಾಕಿದ, ಅಪ್ಪ ಹಾಕಿದ, ಇಪ್ಪತ್ತಾರು ವರ್ಷ ಅಣ್ಣ ಹಾಕಿದ. ರಾಕ್ಷಸನಿಗೆ ಉಳಿದವರಿಗಿಲ್ಲದ ಒಂದು ಕಟ್ಟಳೆ ಇದೆ. ಸಾಯುವಾಗ ಅವನು ಅಂಗಾತ ಬೀಳಬೇಕು. ಆರತಿಯ ಪದ ಶುರುವಾದ ಕೂಡಲೇ ತಾನೇ ಎದ್ದು ಎಲ್ಲರಿಗಿಂತ ಮೊದಲು ದೇವರ ಮುಂದೆ ನಿಲ್ಲಬೇಕು. ಯಾರೂ ಅವನಿಗೆ ಕೈ ಕೊಡಬಾರದು. ಕೈ ಕೊಟ್ಟು ಎಬ್ಬಿಸಿದರೆ ಹೆಣ ಎತ್ತಿದ ಲೆಕ್ಕ, ಆ ವರ್ಷ ಊರಿಗೆ ಒಳ್ಳೆಯದಲ್ಲ ಎಂದು ಹಿರಿಯರು ನಂಬುತ್ತಾರೆ. ಏಳಲಾರದವನ ಮನೆಯಿಂದ ವೇಷ ಬೇರೆ ಮನೆಗೆ ಹೋಗುತ್ತದೆ.

ಹೋಗಲು ಮನೆಯೂ ಸಿದ್ಧವಿತ್ತು. ಅಣ್ಣನ ಎದುರು ಮನೆಯವನು, ನಲವತ್ತರ ಗಟ್ಟಿ ಆಳು, ಹೊಲದಲ್ಲಿ ಒಬ್ಬನೇ ಇದ್ದಾಗ ರಾಕ್ಷಸನ ಮಾತು ಹೇಳಿಕೊಳ್ಳುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಹಿರಿಯರು ಅಣ್ಣನಿಗೆ ಒಂದು ಅವಕಾಶ ಕೊಟ್ಟಿದ್ದರು. ಈ ವರ್ಷ ನಿಂತು, ಗದೆ ಬೀಸಿ, ಬಿದ್ದು, ತಾನಾಗಿ ಎದ್ದರೆ ವೇಷ ಅವನದೇ. ಇಲ್ಲವಾದರೆ ಎದುರು ಮನೆಗೆ.

"ಬಾಡಿಗಿ ಕೋಟು ಎರಡು ಕೈ ಇದ್ದವ್ರಿಗೆ ಮಾಡಿದ್ದು," ಎಂದ ಅಣ್ಣ. "ನನಗ ಒಂದೇ ಕೈದು ಬೇಕು. ನೋಡಿದವ್ರಿಗೆ ಎರಡು ಕಾಣಬೇಕು. ಕೈ ಹೋದ್ರ ಹೋಗ್ಲಿ ತಂಗೀ, ವೇಷ ಹೋಗಬಾರದು."

ಆಗಲಿ ಎಂದೆ. ಅಣ್ಣ ಕೇಳಿದ್ದಕ್ಕೆ ಇಲ್ಲ ಎನ್ನುವುದನ್ನೂ ನನಗೆ ಯಾರೂ ಕಲಿಸಿರಲಿಲ್ಲ.

ಕೋಟಿನ ತಳಕ್ಕೆ ಅವನದೇ ಹಳೆಯ ಉಣ್ಣೆ ಕೋಟು ಸಿಕ್ಕಿತು. ಒಳಗೆ ಹಳೆಯ ಧೋತರ ಕೊಟ್ಟೆ, ಮೇಲೆ ಗೋಣಿತಟ್ಟು ಹೊಲಿದೆ. ಲಕ್ವಾ ಆದ ಮೇಲೆ ಅಣ್ಣ ಅರ್ಧ ಆಗಿದ್ದ. ಭುಜದ ಎಲುಬು ಕಾಣುವ ರಾಕ್ಷಸನನ್ನು ನೋಡಿ ಯಾವ ಮಗು ಹೆದರೀತು? ಮೈ ತುಂಬಬೇಕು, ಹುರುಪೆ ಹುರುಪೆಯಾಗಿ ಮೊಸಳೆಯ ಚರ್ಮದ ಹಾಗೆ ಕಾಣಬೇಕು. ನಮ್ಮ ಮನೆಯವರದು ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಒಡೆದ ಟ್ಯೂಬುಗಳ ರಾಶಿ ಅಲ್ಲಿ ಎಷ್ಟು ಬೇಕಾದರೂ ಇತ್ತು. ಕತ್ತರಿಸಿ ಕತ್ತರಿಸಿ ಹೆಬ್ಬೆರಳು ಬಾತುಕೊಂಡಿತು. ವೀಳ್ಯದೆಲೆ ಆಕಾರದ ಇನ್ನೂರು ಮುನ್ನೂರು ತುಂಡು ಮಾಡಿ, ಒಂದರ ಮೇಲೊಂದು ಅರ್ಧ ಬರುವಂತೆ, ಹೆಂಚು ಹೊದಿಸಿದ ಹಾಗೆ ಕೆಳಗಿನಿಂದ ಮೇಲಕ್ಕೆ ಹೊಲಿಯುತ್ತ ಬಂದೆ. ಯಂತ್ರದ ಸೂಜಿ ನಾಲ್ಕು ಮುರಿದವು. ಐದನೆಯದಕ್ಕೆ ನನ್ನ ತಾಳ್ಮೆ ಮುರಿಯಿತು. ಉಳಿದದ್ದೆಲ್ಲ ದಬ್ಬಣದ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಜಂಪರಿನ ಗಿರಾಕಿಗಳು ಬರುವ ತನಕ ಬಾಗಿಲಲ್ಲಿ ಕೂತು ದಬ್ಬಣ ನೂಕುತ್ತಿದ್ದೆ. ಕತ್ತು ಹಿಡಿದುಕೊಳ್ಳುತ್ತಿತ್ತು. ಬೆಳಗ್ಗೆ ಏಳುವಾಗ ಬೆರಳು ಮಡಚಲು ಬರುತ್ತಿರಲಿಲ್ಲ.

ಆಮೇಲೆ ಬಣ್ಣ. ಬಾಗಿಲಿಗೆ ಹಚ್ಚುವ ಎಣ್ಣೆ ಬಣ್ಣ ತಂದು ಬೆಳ್ಳಿಯ ಹಾಗೆ ಹೊಳೆಯುವಂತೆ ಬಳಿದೆ. ಒಣಗಿದ ಮೇಲೆ ಕೋಟು ಎತ್ತಿ ಜಾಡಿಸಿದರೆ ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದು ನೆಲಕ್ಕೆ ಬಿತ್ತು. ಇನ್ನೊಮ್ಮೆ ಬಳಿದೆ, ಇನ್ನೊಮ್ಮೆ ಬಿತ್ತು. ನಮ್ಮ ಮನೆಯವರು ಇದನ್ನೆಲ್ಲ ನೋಡುತ್ತ ಹಲ್ಲು ಕಿರಿಯುತ್ತಿದ್ದರು. ಮೂರನೆಯ ಸಲ ಬಿದ್ದ ದಿನ ನಾನು ಬಣ್ಣದ ಡಬ್ಬಿಯನ್ನೇ ಅಂಗಳಕ್ಕೆ ಎಸೆದೆ.

"ಕುಬಸ ಹೊಲಿಯೋರಿಗೆ ರಬ್ಬರಿನ ಗುಣ ಹ್ಯಾಂಗ ತಿಳೀಬೇಕು?" ಎಂದರು ಅವರು. "ತಿಕ್ಕದ ಟ್ಯೂಬಿಗೆ ತೇಪಿ ಕೂಡ್ತದೇನು? ಮದಲು ಕಾನಸಿಲೆ ತಿಕ್ಕಬೇಕು. ಆಮ್ಯಾಲ ಸೊಲ್ಯೂಷನ್ನು."

"ಇಷ್ಟ್ ದಿನ ಬಾಯಾಗ ಏನ್ ಇಟ್ಕೊಂಡಿದ್ರಿ?"

"ನೀ ಕೇಳಲಿಲ್ಲಲ್ಲ!"

ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ನಿನಲ್ಲೇ ಬೆಳ್ಳಿಪುಡಿ ಕಲಸಿ, ಒಂದೊಂದು ಹುರುಪೆಯನ್ನೂ ಅರದಿಂದ ತಿಕ್ಕಿ ಹಚ್ಚಿದೆವು. ಆ ವಾಸನೆಗೆ ತಲೆ ಗಿರ್ ಎನ್ನುತ್ತಿತ್ತು. ಬಣ್ಣವೇನೋ ನಿಂತಿತು. ಇಂದಿಗೂ ನಿಂತಿದೆ. ಆದರೆ ನಾನು ಅಷ್ಟು ದಿನ ಸುಮ್ಮನೆ ಬಳಿದದ್ದನ್ನು ನೆನೆದರೆ ಈಗಲೂ ಗಂಡನ ಮೇಲೆ ಸಿಟ್ಟು ಬರುತ್ತದೆ.

ಎದೆಯ ಅಂಚಿಗೆ ಕಪ್ಪಗೆ ಹೊಳೆಯುವ ಮಣಿಸಾಲು ಬೇಕಿತ್ತು. ಆಗ ಸೀತಾಫಲದ ಕಾಲ. ತಿಂದು ಉಗುಳಿದ ಬೀಜ ಓಣಿ ತುಂಬ ಬಿದ್ದಿರುತ್ತದೆ. ತೊಳೆದು ಒಣಗಿಸಿದರೆ ಕರಿಮಣಿಗಿಂತ ಚೆನ್ನ. ಅದರ ಪುಡಿ ಕಣ್ಣಿಗೆ ಕೇಡು ಎಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ತಲೆಯ ಹೇನಿಗೆ ಅದನ್ನು ಅರೆದು ಹಚ್ಚುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬೆಳೆದವರು ನಾವು. ಗೊತ್ತಿದ್ದೂ ಮೊದಲ ದಿನ ಡ್ರಿಲ್ಲು ಹಿಡಿದು ಕೊರೆದೆ. ಗಾಳಿ ಬೀಸಿತು. ಮೂರು ದಿನ ಕಣ್ಣು ಕೆಂಪಗೆ ಉರಿದು ಒಂದು ಗುಂಡಿಯನ್ನೂ ಹೊಲಿಯಲಾಗಲಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಬೈಯುವವರು ಇರುತ್ತಾರೆ, ಗೊತ್ತಿದ್ದೂ ಮಾಡಿದ್ದಕ್ಕೆ ನಮ್ಮನ್ನು ನಾವೇ ಬೈದುಕೊಳ್ಳಬೇಕು. ಆಮೇಲೆ ಬೀಜಗಳನ್ನು ನೀರಲ್ಲಿ ನೆನೆಸಿಟ್ಟು, ಒದ್ದೆ ಇರುವಾಗಲೇ ಕಾಸಿದ ಸೂಜಿಯಿಂದ ಚುಚ್ಚಿದೆ.

ಭುಜದ ಕೊಂಬುಗಳನ್ನು ಜೋಳದ ದಂಟಿನ ಬೆಂಡಿನಿಂದ ಮಾಡಿದೆ. ಚಿಕ್ಕವರಿದ್ದಾಗ ಅದೇ ಬೆಂಡಿನಿಂದ ಅಣ್ಣ ನನಗೆ ಬಂಡಿ, ಎತ್ತು ಮಾಡಿಕೊಡುತ್ತಿದ್ದ. ಬೆಂಡು ಬಣ್ಣವನ್ನು ಗುಟುಕರಿಸಿ ಕುಡಿಯುತ್ತದೆ. ನೇರಳೆ ಬಣ್ಣದ ಪುಡಿ, ಸ್ವಲ್ಪ ಉಪ್ಪು ಹಾಕಿ ಕುದಿಸಿದ ನೀರಲ್ಲಿ ಅದ್ದಿದರೆ ಸಾಕು. ಜೋಳದ ಹಿಟ್ಟಿನ ಗಂಜಿಯಿಂದಲೇ ಅಂಟಿಸಿ ಕಟ್ಟೆಯ ಮೇಲೆ ಒಣಗಲು ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಆಡು ರಾಕ್ಷಸನ ಎಡಭುಜ ತಿಂದು ಮುಗಿಸಿ ಬಲಭುಜಕ್ಕೆ ಬಾಯಿ ಹಾಕಿತ್ತು. ಬಾಯಿ ಪೂರ್ತಿ ನೇರಳೆ. ಆಡಿನವಳು ಬಂದು, ನನ್ನ ಆಡಿಗೆ ಏನು ತಿನ್ನಿಸಿದಿರಿ ಎಂದು ನನ್ನ ಜೊತೆಗೇ ಜಗಳಕ್ಕೆ ನಿಂತಳು. ದಂಟು, ಹಿಟ್ಟು, ಉಪ್ಪು, ಮೂರನ್ನೂ ಸೇರಿಸಿ ಆಡಿನ ಮುಂದೆ ನಾನೇ ಇಟ್ಟಿದ್ದೆ. ಇನ್ನೊಮ್ಮೆ ಮಾಡಿ, ಈ ಸಲ ಬೇವಿನೆಣ್ಣೆ ಸವರಿ ಒಳಗೆ ತೂಗುಹಾಕಿದೆ.

ಎದೆಯ ನಡುವಿನ ಜಾಗ ಮಾತ್ರ ಬಹಳ ದಿನ ಬೋಳಾಗಿ ಉಳಿದಿತ್ತು. ಕನ್ನಡಿ ಚೂರು ಹಚ್ಚಿದರೆ ಬಿದ್ದಾಗ ಒಡೆದು ಚುಚ್ಚೀತೆಂಬ ಹೆದರಿಕೆ. ಕಾರ್ತಿಕದಲ್ಲಿ ಅಳತೆ ನೋಡಲು ಬಂದ ಅಣ್ಣ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮುಂದೆ ಸುರಿದ. ಹತ್ತು ತಿಂಗಳು ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳು. ಬೀಪಿಯವು, ರಕ್ತ ತೆಳ್ಳಗಾಗುವವು, ಒಂದನ್ನೂ ಒಗೆದಿರಲಿಲ್ಲ.

"ಇಷ್ಟೆಲ್ಲಾ ಯಾಕ ಕೂಡಿಟ್ಟಿ?"

"ಇಷ್ಟ್ ನುಂಗೀನಿ ಅಂತ ಯಾರಿಗರೆ ತೋರಸಬೇಕಲ್ಲ," ಎಂದು ನಕ್ಕ.

ಬೆಳ್ಳಿ ಬೆನ್ನಿನ ಆ ಪಟ್ಟಿಗಳ ಮೇಲೆ ಕೆಂಪು ಮತ್ತು ಹಸಿರು ನೈಲ್ ಪಾಲಿಶ್ ಹಚ್ಚಿದರೆ ನಿಜವಾದ ರತ್ನದ ಹಾಗೆ ಮಿನುಗಿದವು. ಗುಳಿಗೆ ಕೂತಿದ್ದ ಗುಳಿಗಳಲ್ಲಿ ಬಣ್ಣ ತುಂಬಿ ನಿಂತಿತ್ತು. ಓರೆ ಮಾಡಿ ನೋಡಿದರೆ ಔಷಧದ ಹೆಸರಿನ ಒಂದೆರಡು ಅಕ್ಷರ ಕೆಳಗಿನಿಂದ ಕಾಣುತ್ತಿದ್ದವು. ನಾನು ಅವನ್ನು ಪೂರ್ತಿ ಮುಚ್ಚಲಿಲ್ಲ.

ಬಲತೋಳನ್ನು ನಾನು ಕೋಟಿನ ಎದೆಗೇ ಮಡಚಿ ಹೊಲಿದಿದ್ದೆ. ಅದರ ತುದಿಗೆ ಹತ್ತಿ ತುಂಬಿದ ಮುಷ್ಟಿ, ಮುಷ್ಟಿಯಲ್ಲಿ ಬೆಂಡಿನ ಬಾಕು. ಒಳಗೆ ಅಣ್ಣನ ಕೈ ಮಲಗಿರುತ್ತದೆ. ಹೊರಗಿನಿಂದ ನೋಡಿದರೆ ರಾಕ್ಷಸ ಎದೆಗೆ ಬಾಕು ಒತ್ತಿ ನಿಂತಿದ್ದಾನೆ ಎನ್ನಿಸಬೇಕು. ಕನ್ನಡಿಯ ಮುಂದೆ ಅವನನ್ನು ನಿಲ್ಲಿಸಿ ತೊಡಿಸಿದೆ. ಗುಡ್ಡ ನಿಂತ ಹಾಗಿತ್ತು. ಲಕ್ವಾ ಆದ ಮೇಲೆ ಅವನು ಮೊದಲ ಸಲ ತನ್ನನ್ನು ತಾನು ಪೂರ್ತಿ ನೋಡಿಕೊಂಡ.

"ಭಾರ ಆತೇನಣ್ಣ?"

"ರಾಕ್ಷಸ ಹಗುರ ಇದ್ರ ಯಾರ್ ಹೆದರ್ತಾರ? ಕಾಲು ಎಳಿಯೋದೂ ಭಾರಕ್ಕಂತ ತಿಳೀತಾರ, ಛಲೋನೇ ಆತು."

ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಸುತ್ತಲೂ ಪಿನ್ನು ಚುಚ್ಚಿದೆ. ಅವನು ನಿಂತೇ ಇದ್ದ. ನಾಲ್ಕು ಹೆಜ್ಜೆ ನಡೆದ, ಎಡಗೈ ಬೀಸಿದ. ನನಗೆ ಸಾಕಾಗಿತ್ತು, ಮುಗಿಯಿತಲ್ಲ ಎನ್ನುವುದೇ ದೊಡ್ಡ ಸಂತೋಷ.

ಆಟದ ದಿನ ಕೋಟನ್ನು ಹಳೆಯ ಚಾದರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ನನಗೆ ಉಚಿತ ಟಿಕೀಟು ಹರಿದು, ಗಂಟನ್ನು ಕಾಲಿನಿಂದ ಸರಿಸಲು ನೋಡಿದ. ಅದು ಸರಿಯಲಿಲ್ಲ.

"ಏನದ ಅಕ್ಕಾ ಇದು?"

"ರಾಕ್ಷಸ ಇದ್ದಾನ್ರಿ."

"ಹೆಣ್ಮಕ್ಕಳಿಗಷ್ಟೇ ಫ್ರೀ ಅದರಿ. ರಾಕ್ಷಸಗ ಲಗೇಜ್ ತಗೀಬೇಕಾಗ್ತದ," ಎಂದು ಅವನು ನಕ್ಕು ಮುಂದೆ ಹೋದ. ಬಂಗ್ಲಾ ಕ್ರಾಸ್ ದಾಟಿ ಬಸವಕಲ್ಯಾಣ ನಿಲ್ದಾಣದಲ್ಲಿ ಇಳಿದು, ಊರಿನ ಬಸ್ಸಿಗಾಗಿ ಒಂದೂವರೆ ತಾಸು ಕಾದೆ. ಗಂಟಿನ ಮೇಲೆಯೇ ಕೂತಿದ್ದೆ. ಐದು ತಿಂಗಳಲ್ಲಿ ಆ ಕೋಟು ನನಗೆ ಕೊಟ್ಟ ಆರಾಮ ಅದೊಂದೇ.

ಹತ್ತಕ್ಕೆ ಮೈಕು ನಿಲ್ಲಿಸಬೇಕೆಂದು ಪೊಲೀಸರು ಹೇಳಿದಾಗಿನಿಂದ ನಮ್ಮೂರ ಆಟ ಹೊತ್ತು ಮುಳುಗುವ ಮುಂಚೆಯೇ ಶುರುವಾಗುತ್ತದೆ. ಶಾಲೆಯ ಒಂದು ಕೋಣೆ ಬಣ್ಣ ಹಚ್ಚಿಕೊಳ್ಳುವವರಿಗೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅವನ ಮುಖಕ್ಕೆ ಕೆಂಪು ಬಳಿಯುತ್ತಿದ್ದಳು. ಕೋಟು ತೊಡಿಸಿದೆವು. ಅಣ್ಣ ಎರಡು ಹೆಜ್ಜೆ ಕುಣಿದು ನೋಡಿದ. ಒಳಗಿನ ಕೈ ಜಾರಿ ಕೋಟಿನ ಕೆಳಗಿನಿಂದ ಹೊರಗೆ ಬಂದು ನೇತಾಡಿತು. ಕಾರ್ತಿಕದಿಂದ ಈಚೆಗೆ ಅವನು ಇನ್ನೂ ಸೊರಗಿದ್ದ. ನನ್ನ ಅಳತೆ ಸಡಿಲಾಗಿತ್ತು. ಹೊರಗೆ ಹಾರ್ಮೋನಿಯಂ ಶುರುವಾಗಿತ್ತು.

"ಹಿಂಗೇ ಮೈಮ್ಯಾಲೇ ಹೊಲ್ದುಬಿಡು," ಎಂದ ಅಣ್ಣ.

ಮೈಮೇಲಿದ್ದ ಬಟ್ಟೆಗೆ ಸೂಜಿ ಹಾಕಬಾರದು ಎನ್ನುತ್ತಾರೆ. ಹಾಕಲೇಬೇಕಾದರೆ ತೊಟ್ಟವರು ಹಲ್ಲಿನಲ್ಲಿ ದಾರದ ತುಂಡು ಕಚ್ಚಿಕೊಂಡು ಮಾತಾಡದೆ ಇರಬೇಕು. ವೈನಿ ಅವನ ಹಲ್ಲಿಗೆ ದಾರ ಕೊಟ್ಟಳು. ನಾನು ಕೈಯನ್ನು ಎತ್ತಿ ತೋಳಿನೊಳಗೆ ಕೂರಿಸಿ, ಕರಿದಾರ ಜೋಡೆಳೆ ಮಾಡಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ದಪ್ಪ ಹೊಲಿಗೆ ಹಾಕುತ್ತ ಹೋದೆ. ಬಲ್ಬಿನ ಬೆಳಕು ನನ್ನ ಬೆನ್ನ ಹಿಂದೆ ಇತ್ತು. ಗೋಣಿತಟ್ಟು, ಉಣ್ಣೆ, ಧೋತರ, ಮೂರನ್ನೂ ಹಿಡಿಯಬೇಕಾದ್ದರಿಂದ ಸೂಜಿಯನ್ನು ಆಳಕ್ಕೇ ಇಳಿಸುತ್ತಿದ್ದೆ. ಅಣ್ಣ ದಾರ ಕಚ್ಚಿಕೊಂಡು ಗೋಡೆ ನೋಡುತ್ತ ಕೂತಿದ್ದ.

ಆ ದಿನ ಅವನು ಕುಣಿದ ಹಾಗೆ ಎಂದೂ ಕುಣಿದಿರಲಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ, ನಾನು ಅವನ ಆಟ ಇಪ್ಪತ್ತಾರು ಸಲ ನೋಡಿದವಳು. ಕಾಲು ಎಳೆದಾಗಲೆಲ್ಲ ಆಟಕ್ಕೆ ಕಟ್ಟಿದ ಅಟ್ಟದ ಹಲಗೆ ಗುಡುಗುತ್ತಿತ್ತು. ಫೋಕಸ್ ಲೈಟು ಬಿದ್ದಾಗ ಎದೆಯ ಮೇಲಿನ ಗುಳಿಗೆ ಪಟ್ಟಿಗಳು ಭಗ್ ಎಂದು ಹೊತ್ತಿಕೊಂಡಂತೆ ಕಾಣುತ್ತಿದ್ದವು. ಮುಂದೆ ಕೂತ ಚಿಕ್ಕ ಮಕ್ಕಳು ಎದ್ದು ತಾಯಂದಿರ ಮಡಿಲಿಗೆ ಓಡಿದರು. ನನ್ನ ಪಕ್ಕದಲ್ಲಿದ್ದ ಮುದುಕಿ, "ಕೈ ಸುದ್ದ ಆಯ್ತೇನು ನಿಮ್ಮಣ್ಣಂದು?" ಎಂದು ಕೇಳಿದಳು. ಹೂಂ ಎಂದೆ. ಐದು ತಿಂಗಳ ದಣಿವು ಆ ಒಂದು ಮಾತಿಗೆ ಇಳಿದುಹೋಯಿತು.

ಕೊನೆಗೆ ರಾಜ ಕತ್ತಿ ಎತ್ತಿದ, ರಾಕ್ಷಸ ಅಂಗಾತ ಬಿದ್ದ. ಸಿಳ್ಳೆ, ಚಪ್ಪಾಳೆ. ಆರತಿಯ ಪದ ಶುರುವಾಯಿತು.

ಅಣ್ಣ ಮೊಣಕಾಲು ಮಡಚಿದ. ಎಡಗೈ ಊರಿದ. ಕೋಟು ಮೇಲಕ್ಕೆ ಸರಿದು ಕುತ್ತಿಗೆಗೆ ಬಂತು, ಅವನು ಮತ್ತೆ ಬೆನ್ನಿಗೆ ಬಿದ್ದ. ಇನ್ನೊಮ್ಮೆ ನೋಡಿದ. ಹಿಮ್ಮಡಿ ಹಲಗೆಗೆ ಉಜ್ಜಿದವು. ಮಂದಿ ಇದನ್ನೂ ಆಟ ಎಂದುಕೊಂಡು ನಕ್ಕರು. ಮೂರನೆಯ ಸಲ ಯಾರೂ ನಗಲಿಲ್ಲ. ಮಗ್ಗುಲಾಗಲು ಅವನು ಸತ್ತ ಕೈಯನ್ನು ಎಡಗೈಯಿಂದ ಎಡಕ್ಕೆ ಎಳೆದುಕೊಳ್ಳಬೇಕಿತ್ತು, ಆ ಕೈಯನ್ನು ನಾನು ಎದೆಗೆ ಹೊಲಿದಿದ್ದೆ. ಮೈಮೇಲೆ ಏಳೆಂಟು ಕೆಜಿ ಭಾರ ಹೇರಿದ್ದೆ. ನಾವು ದರ್ಜಿಗಳು ಮನುಷ್ಯರನ್ನು ನಿಲ್ಲಿಸಿ ಅಳೆಯುತ್ತೇವೆ. ನಿಲ್ಲಿಸಿದೆ, ನಡೆಸಿದೆ, ಬೀಳಿಸಿ ನೋಡಲಿಲ್ಲ. ಅವನು ಬಿದ್ದು ಏಳಬೇಕು ಎನ್ನುವುದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು. ಅದೊಂದೇ ನನ್ನ ತಲೆಯಿಂದ ಬಿಟ್ಟುಹೋಗಿತ್ತು.

ಮೇಳದವರು ಪದವನ್ನು ಮತ್ತೆ ಮೊದಲಿನಿಂದ ಹಿಡಿದರು. ರಾಜ ಕತ್ತಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಎದುರು ಮನೆಯವನು ಅಟ್ಟದ ಬುಡದಲ್ಲೇ ಇದ್ದ. ಒಂದು ಹೆಜ್ಜೆ ಮುಂದಿಟ್ಟು ನಿಂತ. ಅವನು ಕೈ ಕೊಟ್ಟು ಎಬ್ಬಿಸಿದ್ದರೆ ವೇಷ ಆಗಲೇ ಅವನದಾಗುತ್ತಿತ್ತು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ನಮ್ಮೂರಲ್ಲಿ ಹೆಣ್ಣುಮಕ್ಕಳು ಅಟ್ಟ ಹತ್ತುವುದಿಲ್ಲ. ನಾನು ಹತ್ತಿದೆ. ಕತ್ತರಿ ಸೊಂಟದಲ್ಲೇ ಇತ್ತು.

"ಏ ಯವ್ವಾ, ಮುಟ್ಟಬ್ಯಾಡ ಅವನ್ನ!" ಎಂದು ಹಿರಿಯರೊಬ್ಬರು ಕೂಗಿದರು.

"ನಿಮ್ಮ ರಾಕ್ಷಸನ್ನ ಯಾರ್ ಮುಟ್ಟಾಕತ್ತಾರ್ರಿ? ನನ್ನ ಕೋಟ್ ನಾ ತಗೊಂಡು ಹೋಗಾಕತ್ತೇನಿ!"

ನನ್ನ ದನಿ ಮೈಕಿನಲ್ಲಿ ಹೋಯಿತು. ಪಕ್ಕದ ಹೊಲಿಗೆ ಹರಿದೆ, ಭುಜ ಬಿಡಿಸಿದೆ. ಸೀತಾಫಲದ ಬೀಜಗಳು ಹಲಗೆಯ ಮೇಲೆ ಉರುಳಿದವು. ಮೊಣಕೈಯಿಂದ ಒಂದೊಂದೇ ಹೊಲಿಗೆ ಕತ್ತರಿಸುತ್ತ ಬಂದೆ. ಮಣಿಕಟ್ಟಿನ ಹತ್ತಿರ ಬಂದಾಗ ಕೋಟಿನ ತೋಳನ್ನು ಎತ್ತಿದರೆ ಅದರ ಜೊತೆ ಅಣ್ಣನ ಚರ್ಮವೂ ಎದ್ದಿತು. ಮೊದಲು ನನಗೆ ತಿಳಿಯಲಿಲ್ಲ. ಬಗ್ಗಿ ನೋಡಿದೆ. ಧೋತರದ ಜೊತೆ ನನ್ನ ಸೂಜಿ ಅವನ ಕೈಯನ್ನೂ ಸೇರಿಸಿ ಹೊಲಿದಿತ್ತು. ಎರಡು ತಾಸು ಅವನು ಹಾಗೆಯೇ ಕುಣಿದಿದ್ದ. ಧೋತರದಲ್ಲಿ ಅಂಗೈಯಗಲ ರಕ್ತ ಹರಡಿ ಒಣಗಿತ್ತು. ಅಣ್ಣ ಮೇಲಿನ ಚಪ್ಪರ ನೋಡುತ್ತ ಮಲಗಿದ್ದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಚರ್ಮದ ಎರಡೂ ಕಡೆ ದಾರ ಕತ್ತರಿಸಿ, ಒಳಗಿನದನ್ನು ಹಾಗೆಯೇ ಬಿಟ್ಟು, ಕೋಟನ್ನು ಎಳೆದುಕೊಂಡು ಪಕ್ಕಕ್ಕೆ ಸರಿದೆ.

ಅವನು ಎಡಕ್ಕೆ ಹೊರಳಿದ. ಮೊಣಕಾಲೂರಿದ. ಎದ್ದ. ಬೆವರಿಗೆ ನೇರಳೆ ಬಣ್ಣ ಇಳಿದ ಬನಿಯನ್ನಿನಲ್ಲಿ, ವರ್ಷದಿಂದ ಟವೆಲ್ಲಿನೊಳಗಿದ್ದ ಕೈಯನ್ನು ಇಡೀ ಊರಿನ ಮುಂದೆ ಜೋತುಬಿಟ್ಟುಕೊಂಡು ದೇವರ ಫೋಟೋದ ಮುಂದೆ ಹೋಗಿ ನಿಂತ. ಆರತಿಗೆ ಎಡಗೈ ಒಡ್ಡಲು ಹಿಂದೆಮುಂದೆ ನೋಡಿದ. ಪೂಜಾರಿ ತಟ್ಟೆಯನ್ನೇ ಅವನ ಮುಖದ ಹತ್ತಿರಕ್ಕೆ ತಂದ.

"ತಾನೇ ಎದ್ದಾನ. ವೇಷ ಅವರ ಮನಿದೇ," ಎಂದರು ಕೂಗಿದ್ದ ಹಿರಿಯರೇ.

ಅಣ್ಣ ಬಗ್ಗಿ ಎಡಗೈಯಲ್ಲಿ ಗದೆ ಎತ್ತಿಕೊಂಡ. ಅಟ್ಟದ ಅಂಚಿಗೆ ಬಂದು ಎದುರು ಮನೆಯವನ ಮುಂದೆ ಹಿಡಿದ.

"ತಗೋ. ನೀ ಏನ್ ಕಸಗೊಂಡಿಲ್ಲ, ನಾನಾಗೇ ಕೊಡಾಕತ್ತೇನಿ. ಕೋಟು ನಮ್ಮ ತಂಗಿ ನಿನ್ನ ಅಳತಿಗೆ ಮಾಡಿಕೊಡ್ತಾಳ."

ನನ್ನನ್ನು ಒಂದು ಮಾತು ಕೇಳದೆ ಇನ್ನೊಂದು ಕೆಲಸ ಒಪ್ಪಿಕೊಂಡ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದುರು ಮನೆಯವನು ಗದೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಣ್ಣನ ಕಾಲು ಮುಟ್ಟಿದ.

ಮಂದಿ ಕರಗಿದ ಮೇಲೆ ಶಾಲೆಯ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ವೈನಿ ಮುಖ ತೊಳೆಯಲು ಬಿಸಿನೀರು ತರಲು ಹೋಗಿದ್ದಳು. ನಾನು ಅವನ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಬೇಡ ಎನ್ನಲಿಲ್ಲ. ಲಕ್ವಾ ಆದ ಮೇಲೆ ಆ ಕೈಯನ್ನು ನಾನು ಮಡಿಲಿಗೆ ತೆಗೆದುಕೊಂಡದ್ದು ಅದೇ ಮೊದಲು. ಬೆಳ್ಳಗೆ, ಮೆತ್ತಗೆ, ದುಡಿದವನ ಕೈ ಎನ್ನಿಸುತ್ತಲೇ ಇರಲಿಲ್ಲ. ಕರಿದಾರದ ಎರಡು ತುದಿ ಚರ್ಮದ ಹೊರಗೆ ನಿಂತಿದ್ದವು. ಉಗುರಿನಿಂದ ಹಿಡಿದು ಮೆಲ್ಲಗೆ ಎಳೆದೆ. ದಾರ ಹೊರಗೆ ಬಂತು, ಅದರ ಹಿಂದೆ ಒಂದು ಹನಿ ರಕ್ತ ಬಂತು. ಅಣ್ಣ ಎಲ್ಲವನ್ನೂ ನೋಡುತ್ತಿದ್ದ.

"ತಪ್ಪಾತಣ್ಣ," ಎಂದೆ. ನನಗೆ ಅಳು ಬಂದಿತ್ತು. "ನೋವಾತೇನು?"

ಅವನು ಎಡಗೈ ಬೆರಳಿನಿಂದ ಆ ಹನಿಯನ್ನು ಒರೆಸಿದ.

"ಆಗಿದ್ರ ಎಷ್ಟ್ ಛಲೋ ಇತ್ತು ತಂಗೀ," ಎಂದ.